ಹಾವಸೆ ಮತ್ತು ಗಾಳಿಯ ಭಾರಲೋಹಗಳು: ಕಲಬುರಗಿ, ಕಮಲಾಪುರ

ಗಾಳಿಯಿಂದ ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ನಿಕಲ್‌ನಂಥ ಭಾರಲೋಹಗಳು ಯಾವ ಜಾಗದಲ್ಲಿ ಎಷ್ಟು ಬೀಳುತ್ತಿವೆ ಎಂಬುದನ್ನು ಗೋಡೆ, ಬಂಡೆ, ಮರದ ತೊಗಟೆಗಳ ಮೇಲಿನ ಹಾವಸೆಯನ್ನು ಪರೀಕ್ಷಿಸಿ ತಿಳಿಯಬಹುದು. ಹಾವಸೆಗೆ ನಿಜವಾದ ಬೇರಿಲ್ಲ. ಅದರ ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಇತರ ಗಿಡಗಳ ಎಲೆಗಿರುವಂಥ ಮೇಣದ ಹೊದಿಕೆ ಅದಕ್ಕೆ ಇಲ್ಲವೆಂದೇ ಹೇಳಬೇಕು. ಹೀಗಾಗಿ ಅದು ಪೋಷಕಾಂಶಗಳನ್ನು ಮುಖ್ಯವಾಗಿ ಮಳೆನೀರು ಮತ್ತು ದೂಳಿನಿಂದ ಪಡೆಯುತ್ತದೆ. ಕೋಶಭಿತ್ತಿಯ ಆಮ್ಲಗುಂಪುಗಳು ಋಣ ವಿದ್ಯುದಂಶ ಉಳ್ಳವು. ಲೋಹದ ಧನ ಅಯಾನುಗಳನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಸೀಸ, ತಾಮ್ರಗಳ ಹಿಡಿತ ಬಿಗಿ. ಸತು, ಮ್ಯಾಂಗನೀಸ್‌ಗಳದು ಸಡಿಲ.

ಈ ವಿಧಾನವನ್ನು 1960ರ ದಶಕದ ಕೊನೆಯಲ್ಲಿ ರೂಪಿಸಿದವರು ಸ್ವೀಡನ್ನಿನ ಲುಂಡ್‌ನ ಓಕೆ ರ‍್ಯೂಲಿಂಗ್ ಮತ್ತು ಯರ್ಮುಂಡ್ ಟೂಲರ್. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಹಾವಸೆಯ ಸಮೀಕ್ಷೆ ನಡೆಸುತ್ತ ಬಂದಿವೆ. ಸೀಸಬೆರೆತ ಪೆಟ್ರೋಲ್ ನಿಂತ ಮೇಲೆ ಹಾವಸೆಯಲ್ಲಿ ಸೀಸ ಇಳಿದದ್ದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಗರದೊಳಗೆ ಇದರ ಬಲ ಗೊತ್ತಾದದ್ದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ. 2013ರಲ್ಲಿ ಅಲ್ಲಿನ ಮರಗಳಿಂದ ಸಂಗ್ರಹಿಸಿದ 346 ಹಾವಸೆ ಮಾದರಿಗಳು ಬಣ್ಣದ ಗಾಜು ತಯಾರಿಸುವ ಎರಡು ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಹೆಚ್ಚಿರುವುದನ್ನು ತೋರಿಸಿಕೊಟ್ಟವು. ಮಾಪನ ಯಂತ್ರಗಳು ಆ ಬೀದಿಗಳಲ್ಲಿ ಇರಲೇ ಇಲ್ಲ.

ಕಲಬುರಗಿಗೂ ಈ ಕೊನೆಯ ಮಾತು ಸಲ್ಲುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆಗಳ ಜೊತೆ ಇದೂ ಒಂದು. ಹಾಗೆ ಸೇರಲು ಕಾರಣ ದೂಳು. ಆದರೆ ದೂಳಿನ ತೂಕವೊಂದರಿಂದ ಅದರಲ್ಲಿರುವ ಲೋಹ ತಿಳಿಯುವುದಿಲ್ಲ, ಒಂದೆರಡು ಕಡೆಯ ಯಂತ್ರದಿಂದ ಬಡಾವಣೆ ಬಡಾವಣೆಯ ವ್ಯತ್ಯಾಸವೂ ಕಾಣುವುದಿಲ್ಲ. ಟೈರು ಸವೆದಾಗ ಸತು, ಬ್ರೇಕು ಉಜ್ಜಿದಾಗ ತಾಮ್ರ ಮತ್ತು ಆಂಟಿಮನಿ ರಸ್ತೆಯ ಬದಿಗೇ ಬೀಳುತ್ತವೆ. ಬಸ್‌ಸ್ಟ್ಯಾಂಡಿನ ಗೋಡೆಯ ಹಾವಸೆಗೂ ಗುಲ್ಬರ್ಗ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಹಾವಸೆಗೂ ಇರುವ ಅಂತರವನ್ನು ಅಳೆಯುವುದು ಈ ವ್ಯತ್ಯಾಸ ತಿಳಿಯಲು ಅಗ್ಗದ ದಾರಿ.

ಯುರೋಪಿನ ಕಾಡುನೆಲದ ದಪ್ಪ ಹಾವಸೆಗಳು ಈ ಬಿಸಿಲುನಾಡಿನಲ್ಲಿ ಬೆಳೆಯವು. ಇಲ್ಲಿ ನೆಚ್ಚಬೇಕಾದದ್ದು ಇಟ್ಟಿಗೆ, ಕಾಂಕ್ರೀಟು, ಗಾರೆಗಳ ಮೇಲೆ ಗಿಡ್ಡವಾಗಿ ಹರಡುವ ಹಯೋಫಿಲಾ ಇನ್ವಾಲ್ಯೂಟಾ, ಬೆಳ್ಳಿಬಣ್ಣದ ಬ್ರಯಮ್ ಆರ್ಜೆಂಟಿಯಮ್‌ನಂಥ ಜಾತಿಗಳನ್ನು. ಏಪ್ರಿಲ್‌ನಲ್ಲಿ ಹಯೋಫಿಲಾ ಸುಟ್ಟ ಕಂದು ಪುಡಿಯಂತೆ ಕಾಣುತ್ತದೆ. ಎಲೆಯ ಅಂಚುಗಳು ಒಳಕ್ಕೆ ಸುರುಳಿ ಸುತ್ತಿರುತ್ತವೆ. ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಮಸೂರದಲ್ಲಿ ನೋಡಿದರೆ ಎಲೆಗಳು ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತವೆ. ಮುಂಗಾರಿನಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುವ ಈ ಸಸ್ಯವನ್ನು ಮಳೆಗಾಲ ಮುಗಿಯುವ ಹೊತ್ತಿಗೆ ತೆಗೆದರೆ ಆ ಹಂಗಾಮಿನ ಹೊಸ ಬೆಳವಣಿಗೆ ಸಿಗುತ್ತದೆ.

ನಗರದ ಅಂಕಿಗೆ ಅರ್ಥ ಬರಬೇಕಾದರೆ ಹೋಲಿಸಲು ಒಂದು ಹಳ್ಳಿಗಾಡು ಬೇಕು. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರ, ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು, ಇದಕ್ಕೆ ಒಪ್ಪುತ್ತದೆ. ಆದರೆ ಊರು ಹೆದ್ದಾರಿಯ ಮೇಲಿದೆ. ಯುರೋಪಿನ ಸಮೀಕ್ಷೆಗಳ ನಿಯಮದಂತೆ ಮುಖ್ಯ ರಸ್ತೆ ಮತ್ತು ಜನವಸತಿಯಿಂದ ಕನಿಷ್ಠ 300 ಮೀ., ಸಣ್ಣ ರಸ್ತೆಯಿಂದ 100 ಮೀ. ಸರಿದು ಮಾದರಿ ತೆಗೆಯಬೇಕು. ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಿದ ತೋಟವನ್ನೂ ಬಿಡಬೇಕು. ಇಲ್ಲವಾದರೆ ಹಳ್ಳಿಯೇ ನಗರಕ್ಕಿಂತ ಕೊಳಕೆಂಬ ತಪ್ಪು ಲೆಕ್ಕ ಬಂದೀತು.

ಎಲ್ಲಕ್ಕಿಂತ ದೊಡ್ಡ ತೊಡಕು ಮಣ್ಣಿನದು. ಈ ಭಾಗದ ಎರೆಮಣ್ಣು ದಖ್ಖನ್ನಿನ ಕಪ್ಪುಶಿಲೆ ಸವೆದು ಆದದ್ದು. ಆ ಶಿಲೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ನಿಕಲ್, ಕ್ರೋಮಿಯಂ ಸಹಜವಾಗಿಯೇ ಇವೆ. ತೊಗರಿ ಹೊಲದಿಂದ ಎದ್ದ ದೂಳು ಹಾವಸೆಯಲ್ಲಿ ಕೂತರೆ ಯಾವ ಕಾರ್ಖಾನೆಯೂ ಇಲ್ಲದ ಕಡೆ ಲೋಹ ಹೆಚ್ಚು ಕಾಣುತ್ತದೆ. ಆದ್ದರಿಂದ ಮಾದರಿಯಲ್ಲಿ ಅಲ್ಯೂಮಿನಿಯಂ ಅನ್ನೂ ಅಳೆದು, ಲೋಹ ಮತ್ತು ಅಲ್ಯೂಮಿನಿಯಂಗಳ ಅನುಪಾತವನ್ನು ಅದೇ ಊರಿನ ಮಣ್ಣಿನ ಅನುಪಾತದೊಂದಿಗೆ ಹೋಲಿಸುತ್ತಾರೆ. ಹಾವಸೆಯ ಅನುಪಾತವನ್ನು ಮಣ್ಣಿನ ಅನುಪಾತದಿಂದ ಭಾಗಿಸಿದಾಗ ಬರುವ ಸಂಖ್ಯೆ ಒಂದರ ಆಸುಪಾಸಿದ್ದರೆ ಅದು ಮಣ್ಣಿನದೇ. ಹಲವು ಪಟ್ಟು ಇದ್ದರೆ ಮೂಲ ಬೇರೆಡೆ ಇದೆ. ಕಲಬುರಗಿಯಲ್ಲಿ ಈ ಲೆಕ್ಕ ಬಿಟ್ಟು ಬರೀ ತಾಮ್ರ, ನಿಕಲ್‌ಗಳ ಅಂಕಿ ಕೊಡುವುದು ಸಲ್ಲದು. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿರುವ ಜಿಲ್ಲೆಯಲ್ಲಿ ಸುಣ್ಣದಂಶದ ದೂಳನ್ನೂ ಗಮನಿಸಬೇಕು: ಕ್ಯಾಲ್ಸಿಯಂ ಹೆಚ್ಚಾದಾಗ ಹಾವಸೆಯಲ್ಲಿ ಲೋಹ ಕೂರುವ ಜಾಗಕ್ಕೆ ಅದೂ ಪೈಪೋಟಿ ನಡೆಸುತ್ತದೆ.

ಪ್ರಯೋಗಾಲಯದ ಕೆಲಸ ಸರಳ. ಪ್ಲಾಸ್ಟಿಕ್ ಕೈಗವಸು ತೊಟ್ಟು ಕಿತ್ತ ಹಾವಸೆಯ ತುದಿಯ ಹಸಿರು ಭಾಗವನ್ನಷ್ಟೇ ಆರಿಸಿ, ಅಂಟಿದ ಮಣ್ಣು, ಗಾರೆಯ ಚೂರುಗಳನ್ನು ಬಿಡಿಸಿ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪರಮಾಣು ಹೀರಿಕೆ ರೋಹಿತಮಾಪಕದಲ್ಲಿ ಓದುತ್ತಾರೆ. ಫಲಿತಾಂಶ ಒಣತೂಕದ ಕಿಲೋಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು. ಗೋಡೆಯ ಹಾವಸೆಯಲ್ಲಿ ಹೆಚ್ಚು ಸಮಯ ಹಿಡಿಯುವುದು ಈ ಬಿಡಿಸುವ ಕೆಲಸವೇ. ಕಲಬುರಗಿಯ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಕೆರೆಯುವುದಕ್ಕೆ ಅನುಮತಿ ಬೇಕು.

ಬೇಸಿಗೆಯಲ್ಲಿ, ಅಥವಾ ಹಾವಸೆಯೇ ಇಲ್ಲದ ಬೀದಿಯಲ್ಲಿ, ಶುದ್ಧ ಜಾಗದಿಂದ ತಂದು ತೊಳೆದ ಹಾವಸೆಯನ್ನು ನೈಲಾನ್ ಬಲೆಚೀಲದಲ್ಲಿ ತುಂಬಿ ಕಂಬಕ್ಕೆ ತೂಗುಹಾಕಿ, ಕೆಲವು ವಾರಗಳ ನಂತರ ಪರೀಕ್ಷಿಸುತ್ತಾರೆ. ತೂಗುಹಾಕಿದ ದಿನ ಗೊತ್ತಿರುವುದರಿಂದ ಅವಧಿಯ ಲೆಕ್ಕ ಖಚಿತ. ಆದರೆ ಒಣಗಿದ ಹಾವಸೆ ಅಯಾನುಗಳನ್ನು ಅಷ್ಟಾಗಿ ಹೀರುವುದಿಲ್ಲ, ದೂಳಿನ ಕಣಗಳನ್ನು ಹಿಡಿಯುವುದೇ ಹೆಚ್ಚು; ಹಾಗಾಗಿ ಚೀಲದ ಅಂಕಿಯನ್ನು ಮಳೆಗಾಲದ ಗೋಡೆಯ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಲಾಗದು. ಈ ಎರಡರಲ್ಲಿ ಯಾವುದೂ ಕಾನೂನಿನ ಮಿತಿಗೆ ಸಾಕ್ಷಿಯಾಗದು. 2009ರ ರಾಷ್ಟ್ರೀಯ ಮಾನಕದಂತೆ ಸೀಸದ ವಾರ್ಷಿಕ ಮಿತಿ ಘನಮೀಟರ್ ಗಾಳಿಗೆ 0.5 ಮೈಕ್ರೊಗ್ರಾಂ, ನಿಕಲ್‌ನದು 20 ನ್ಯಾನೊಗ್ರಾಂ, ಆರ್ಸೆನಿಕ್‌ನದು 6 ನ್ಯಾನೊಗ್ರಾಂ. ಗಾಳಿಯಲ್ಲಿನ ಆ ಪ್ರಮಾಣವನ್ನು ಅಳೆಯಲು ಶೋಧಕ ಕಾಗದದ ಯಂತ್ರವೇ ಬೇಕು, ಆ ಯಂತ್ರವನ್ನು ಯಾವ ಬೀದಿಯಲ್ಲಿ ಇಡಬೇಕೆಂಬುದನ್ನು ಹಾವಸೆಯ ನಕ್ಷೆ ನೋಡಿ ನಿರ್ಧರಿಸಬಹುದು.