ಬೇಸಿಗೆಯಲ್ಲಿ ಸೈಕಲ್ ಸವಾರಿ: ಕಾಣದ ಬೆವರಿನ ಲೆಕ್ಕ

ಮಾರ್ಚ್ ತಿಂಗಳು ಕಾಲಿಟ್ಟೊಡನೆ ರಾಜ್ಯದ ನಗರಗಳಲ್ಲಿ ಹವ್ಯಾಸಿ ಸೈಕಲ್ ಸವಾರರು ಬೆಳಗಿನ ಜಾವವನ್ನು ಆಶ್ರಯಿಸತೊಡಗುತ್ತಾರೆ. ಬೆಂಗಳೂರಿನಿಂದ ನಂದಿಬೆಟ್ಟದತ್ತ, ಮೈಸೂರಿನಲ್ಲಿ ಚಾಮುಂಡಿಬೆಟ್ಟದತ್ತ ಹೊರಡುವವರಿಗೆ ಆ ಅನುಕೂಲವಿದೆ. ಆದರೆ ನಡುಮಧ್ಯಾಹ್ನದಲ್ಲೇ ಪೆಡಲ್ ತುಳಿಯಬೇಕಾದವರೂ ಇದ್ದಾರೆ. ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕ, ಶಾಲೆಯಿಂದ ಹಿಂದಿರುಗುವ ವಿದ್ಯಾರ್ಥಿನಿ, ಸೈಕಲ್ಲಿಗೆ ಎಳನೀರಿನ ಗೊನೆ ಕಟ್ಟಿಕೊಂಡು ಬೀದಿ ಸುತ್ತುವ ವ್ಯಾಪಾರಿ ಇವರಿಗೆ ಹೊತ್ತನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲ. ಈ ಎಲ್ಲರಿಗೂ ಸಮಾನವಾದ ಅಪಾಯವೆಂದರೆ ನಿರ್ಜಲೀಕರಣ. ಸೈಕಲ್ ಸವಾರನಿಗೆ ಈ ಅಪಾಯ ಅರಿವಾಗುವುದು ತಡವಾಗಿ. ಏಕೆಂದರೆ ಅವನ ಬೆವರು ಅವನಿಗೇ ಕಾಣಿಸುವುದಿಲ್ಲ.

ಬೆವರು ಕಾಣದಿರುವುದೇಕೆ?

ಪೆಡಲ್ ತುಳಿಯುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಶೇ 20ರಿಂದ 25ರಷ್ಟು ಮಾತ್ರ ಸೈಕಲ್ಲನ್ನು ಮುಂದಕ್ಕೆ ಒಯ್ಯುತ್ತದೆ. ಉಳಿದದ್ದೆಲ್ಲ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಈ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಮಾರ್ಗ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಸಂಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಂಪಾಗುವುದಿಲ್ಲ. ನೀರು ಮಾತ್ರ ನಷ್ಟವಾಗುತ್ತದೆ.

ಓಡುವವನ ಅಂಗಿ ಕೆಲವೇ ನಿಮಿಷಗಳಲ್ಲಿ ತೊಯ್ದು ತೊಪ್ಪೆಯಾಗುತ್ತದೆ. ಸೈಕಲ್ ಸವಾರನಿಗಾದರೋ ಎದುರಿನಿಂದ ಸದಾ ಗಾಳಿ ಬೀಸುತ್ತಿರುತ್ತದೆ. ಬೆವರು ಹೊರಬಂದಂತೆಲ್ಲ ಆ ಗಾಳಿಗೆ ಆರಿಹೋಗುತ್ತದೆ. ಮೈ ಒಣಗಿರುವುದರಿಂದ ತಾನು ಬೆವರುತ್ತಲೇ ಇಲ್ಲವೆಂದು ಅವನು ಭಾವಿಸುತ್ತಾನೆ. ಸಿಗ್ನಲ್ಲಿನಲ್ಲಿ ನಿಂತ ಮರುಕ್ಷಣ ಹಣೆಯಿಂದ ಧಾರಾಕಾರವಾಗಿ ಇಳಿಯುವ ಬೆವರು, ಮನೆ ಸೇರಿದಾಗ ಅಂಗಿಯ ಮೇಲೆ ಕಾಣುವ ಬಿಳಿಯ ಉಪ್ಪಿನ ಗೆರೆ ಇವೆರಡೂ ಆ ಭ್ರಮೆಯನ್ನು ಬಯಲು ಮಾಡುತ್ತವೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಚರ್ಮದ ಉಷ್ಣಾಂಶ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ, ಬೀಸುವ ಗಾಳಿ ಮೈಯ ಶಾಖವನ್ನು ಕೊಂಡೊಯ್ಯುವ ಬದಲು ಹೊರಗಿನ ಶಾಖವನ್ನೇ ತಂದು ಸುರಿಯುತ್ತದೆ. ಆಗ ದೇಹವನ್ನು ಕಾಪಾಡುವುದು ಬೆವರಿನ ಆವಿಯೊಂದೇ.

ಊರಿಗೊಂದು ಬಿಸಿಲು

ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿನ ಒಣ ಹವೆಯಲ್ಲಿ ಬೆವರು ಬೇಗ ಆರುತ್ತದೆ, ನಷ್ಟವಾದ ನೀರಿನ ಪ್ರಮಾಣ ಅರಿವಿಗೇ ಬರುವುದಿಲ್ಲ. ದೇಶಕ್ಕೆ ಅನೇಕ ರಸ್ತೆ ಸೈಕಲ್ ಸ್ಪರ್ಧಿಗಳನ್ನು ನೀಡಿರುವ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಿಸಿಲೂ ಇದೇ ಬಗೆಯದು. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಪರಿಸ್ಥಿತಿ ತದ್ವಿರುದ್ಧ. ಅಲ್ಲಿ ಉಷ್ಣಾಂಶ ಕಡಿಮೆಯಿದ್ದರೂ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ದೇಹ ತಣಿಯದೆ ಇನ್ನಷ್ಟು ಬೆವರುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ತಂಪಿನ ಊರೆಂದು ಹೆಸರಾಗಿದ್ದರೂ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. 1,478 ಮೀಟರ್ ಎತ್ತರದ ನಂದಿಬೆಟ್ಟದ ಏರುದಾರಿಯಲ್ಲಿ ಮತ್ತೊಂದು ತೊಡಕಿದೆ. ಏರಿನಲ್ಲಿ ಶ್ರಮ ಹೆಚ್ಚು, ವೇಗ ಕಡಿಮೆ. ಆದ್ದರಿಂದ ಮೈಗೆ ತಾಗುವ ಗಾಳಿಯೂ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಸಾಕಾಗುವಷ್ಟು ನೀರು ಏರಿನಲ್ಲಿ ಸಾಲದು.

ಬಿಸಿಲಿಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನಗಳು ಬೇಕು. ಒಗ್ಗಿದ ಮೇಲೆ ಬೆವರು ಬೇಗ ಹಾಗೂ ಹೆಚ್ಚಾಗಿ ಬರುತ್ತದೆ, ಅದರಲ್ಲಿನ ಉಪ್ಪಿನಂಶ ಕಡಿಮೆಯಾಗುತ್ತದೆ. ಆದ್ದರಿಂದ ಬೇಸಿಗೆಯ ಮೊದಲ ಎರಡು ವಾರ ಸವಾರಿಯ ದೂರವನ್ನೂ ವೇಗವನ್ನೂ ಮಿತಿಯಲ್ಲಿಡುವುದು ಒಳಿತು.

ಎಷ್ಟು ಕುಡಿಯಬೇಕು? ತಕ್ಕಡಿ ಹೇಳುತ್ತದೆ

ಗಂಟೆಗೆ ಇಷ್ಟೇ ಲೀಟರ್ ಎಂಬ ಒಂದೇ ನಿಯಮ ಎಲ್ಲರಿಗೂ ಹೊಂದುವುದಿಲ್ಲ. ವ್ಯಕ್ತಿಯ ತೂಕ, ವೇಗ, ಹವಾಮಾನಗಳಿಗೆ ಅನುಗುಣವಾಗಿ ಬೆವರು ಗಂಟೆಗೆ ಅರ್ಧ ಲೀಟರ್‌ನಿಂದ ಎರಡು ಲೀಟರ್‌ವರೆಗೂ ಇರಬಹುದು. ತನ್ನ ಪ್ರಮಾಣವನ್ನು ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಬೇಕು. ಅದಕ್ಕೆ ಮನೆಯಲ್ಲಿರುವ ತೂಕದ ಯಂತ್ರವೇ ಸಾಕು.

ಸವಾರಿಗೆ ಮುನ್ನ ಮೂತ್ರ ವಿಸರ್ಜಿಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಬೇಕು. ಒಂದು ಗಂಟೆ ಸೈಕಲ್ ತುಳಿದು ಬಂದು, ಮೈ ಒರೆಸಿಕೊಂಡು ಮತ್ತೆ ತೂಗಬೇಕು. ಮೊದಲು 64 ಕೆ.ಜಿ. ಇದ್ದವರು ಮರಳಿದಾಗ 63.4 ಕೆ.ಜಿ. ಇದ್ದರೆನ್ನಿ. ನಡುವೆ 300 ಮಿ.ಲೀ. ನೀರು ಕುಡಿದಿದ್ದರೆ, ಕಳೆದ 600 ಗ್ರಾಂಗೆ ಅದನ್ನು ಕೂಡಿಸಬೇಕು. ಅಂದರೆ ಅವರ ಬೆವರು ಗಂಟೆಗೆ ಸುಮಾರು 900 ಮಿ.ಲೀ.

ಕಳೆದುಕೊಂಡಷ್ಟನ್ನೂ ದಾರಿಯಲ್ಲೇ ತುಂಬಿಕೊಳ್ಳಬೇಕಾಗಿಲ್ಲ. ದೇಹದ ತೂಕದ ಶೇ 2ಕ್ಕಿಂತ ಹೆಚ್ಚು ನೀರು ನಷ್ಟವಾಗದಂತೆ ನೋಡಿಕೊಳ್ಳಬೇಕೆಂಬುದು ಕ್ರೀಡಾ ವೈದ್ಯರ ಸಲಹೆ. 64 ಕೆ.ಜಿ. ತೂಕದವರಿಗೆ ಈ ಮಿತಿ ಸುಮಾರು 1.3 ಲೀಟರ್. ಅದನ್ನು ಮೀರಿದರೆ ರಕ್ತದ ಪ್ರಮಾಣ ಕುಗ್ಗಿ ಹೃದಯ ವೇಗವಾಗಿ ಬಡಿಯಬೇಕಾಗುತ್ತದೆ, ಚರ್ಮದತ್ತ ಹರಿಯುವ ರಕ್ತ ಕಡಿಮೆಯಾಗಿ ದೇಹದ ಶಾಖ ಏರುತ್ತದೆ. ಮೇಲಿನ ಲೆಕ್ಕದ ಸವಾರರು ಮೂರು ಗಂಟೆ ಸಂಚರಿಸುವುದಾದರೆ ಗಂಟೆಗೆ 500ರಿಂದ 600 ಮಿ.ಲೀ. ಕುಡಿದರೆ ಸಾಕು. ಒಂದು ಗಂಟೆಯೊಳಗಿನ ನಿಧಾನದ ಸವಾರಿಗೆ ಇಷ್ಟು ಲೆಕ್ಕಾಚಾರ ಬೇಕಿಲ್ಲ. ಹೊರಡುವ ಮುನ್ನ ನೀರು ಕುಡಿದು, ದಾರಿಯಲ್ಲಿ ಬಾಯಾರಿದಾಗ ಕುಡಿದರಾಯಿತು.

ಅತಿಯಾದರೆ ನೀರೂ ಅಪಾಯ

ಹೆಚ್ಚು ಕುಡಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಬೆವರಿನಲ್ಲಿ ನೀರಿನೊಂದಿಗೆ ಸೋಡಿಯಂ ಕೂಡ ಹೊರಹೋಗುತ್ತದೆ. ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಹೈಪೊನೆಟ್ರೀಮಿಯಾ ಎಂಬ ಸ್ಥಿತಿ ಉಂಟಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲದಿಂದ ಆರಂಭವಾಗಿ ಮಿದುಳಿನ ಊತಕ್ಕೂ ಇದು ಕಾರಣವಾಗಬಲ್ಲದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕೊರತೆ ಕಂಡುಬಂದಿತ್ತು. ಓಟದ ಅಂತ್ಯಕ್ಕೆ ತೂಕ ಹೆಚ್ಚಿಸಿಕೊಂಡವರಲ್ಲಿ ಈ ಕೊರತೆ ಅಧಿಕವಾಗಿತ್ತು.

ಆದ್ದರಿಂದ ನೆನಪಿಡಬೇಕಾದ ಸೂತ್ರವಿಷ್ಟೆ: ಸವಾರಿ ಮುಗಿದಾಗ ತೂಕ ತುಸು ಇಳಿದಿರಬೇಕು, ಏರಿರಬಾರದು.

ಏನು ಕುಡಿಯಬೇಕು?

ಒಂದು ಗಂಟೆಯವರೆಗಿನ ಸವಾರಿಗೆ ಸಾದಾ ನೀರು ಸಾಕು. ಅದಕ್ಕಿಂತ ಹೆಚ್ಚಿನ ಸವಾರಿಗೆ ಸ್ವಲ್ಪ ಉಪ್ಪು, ಸ್ವಲ್ಪ ಸಕ್ಕರೆ ಬೇಕು. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಹೀರಲ್ಪಡುತ್ತವೆ, ಅವುಗಳ ಬೆನ್ನಿಗೆ ನೀರೂ ರಕ್ತ ಸೇರುತ್ತದೆ.

ದುಬಾರಿ ಪಾನೀಯಗಳ ಅಗತ್ಯವಿಲ್ಲ. ಒಂದು ಲೀಟರ್ ನೀರಿಗೆ 40 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು (ಸುಮಾರು 1.5 ಗ್ರಾಂ), ಒಂದು ನಿಂಬೆಹಣ್ಣಿನ ರಸ ಬೆರೆಸಿದರೆ ಪಾನೀಯ ಸಿದ್ಧ. ರಾಮನವಮಿಯ ಬಿಸಿಲಿನಲ್ಲಿ ಪಾನಕ, ನೀರುಮಜ್ಜಿಗೆ ಹಂಚುವ ನಮ್ಮ ಹಿರಿಯರ ಪದ್ಧತಿಯಲ್ಲಿ ಇದೇ ವಿವೇಕವಿದೆ.

* ನೀರುಮಜ್ಜಿಗೆ: ಉಪ್ಪು ಬೆರೆಸಿದ ತೆಳು ಮಜ್ಜಿಗೆ ಸವಾರಿಯ ನಂತರಕ್ಕೆ ಉತ್ತಮ. ಬಿಸಿಲಿನಲ್ಲಿ ಬಾಟಲಿಯಲ್ಲಿಟ್ಟರೆ ಬೇಗ ಹುಳಿಯಾಗುತ್ತದೆ.
* ಎಳನೀರು: ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ದೀರ್ಘ ಸವಾರಿಯಲ್ಲಿ ಇದರ ಜೊತೆ ಉಪ್ಪಿನಂಶದ ತಿನಿಸೂ ಬೇಕು.
* ರಾಗಿ ಅಥವಾ ಜೋಳದ ಅಂಬಲಿ: ನೀರು, ಉಪ್ಪು, ಶಕ್ತಿ ಮೂರನ್ನೂ ನೀಡುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲು ಸೇವಿಸಬಹುದು.
* ಕಬ್ಬಿನ ಹಾಲು, ತಂಪು ಪಾನೀಯ: ಸಕ್ಕರೆ ಹೆಚ್ಚಿರುವುದರಿಂದ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಸವಾರಿಯ ನಡುವೆ ಬೇಡ.
* ಚಹಾ, ಕಾಫಿ: ಮಿತವಾಗಿ ಕುಡಿದರೆ ತೊಂದರೆಯಿಲ್ಲ. ಮದ್ಯ ಸರ್ವಥಾ ಸಲ್ಲದು.

ಒಆರ್‌ಎಸ್ ಪುಡಿಯನ್ನು ಬಳಸುವವರು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಬೇಕು. ಒಂದು ಲೀಟರ್‌ನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಒಆರ್‌ಎಸ್ ಎಂಬ ಹೆಸರನ್ನು ಬಳಸದಂತೆ 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆದೇಶಿಸಿದೆ. ಕೊಳ್ಳುವಾಗ ಪೊಟ್ಟಣವನ್ನು ಓದಿ ನೋಡುವುದು ಕ್ಷೇಮ. ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು-ಸಕ್ಕರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಸವಾರಿಗೆ ಮುನ್ನ, ನಡುವೆ, ನಂತರ

* ಹೊರಡುವ ಕೆಲವು ಗಂಟೆ ಮೊದಲೇ ದೇಹದ ತೂಕದ ಪ್ರತಿ ಕೆ.ಜಿ.ಗೆ 5ರಿಂದ 7 ಮಿ.ಲೀ. ನೀರು ಕುಡಿಯಬೇಕು. 60 ಕೆ.ಜಿ. ತೂಕದವರಿಗೆ ಇದು 300ರಿಂದ 420 ಮಿ.ಲೀ. ಆಗುತ್ತದೆ. ಮೂತ್ರ ತಿಳಿಹಳದಿಯಾಗಿದ್ದರೆ ಸಾಕಷ್ಟು ನೀರಿದೆಯೆಂದು ಅರ್ಥ.
* ಬೆಳಗಿನ ಜಾವ ಹೊರಡುವವರು ಈ ಸಿದ್ಧತೆಯನ್ನು ಹಿಂದಿನ ರಾತ್ರಿಯೇ ಆರಂಭಿಸಬೇಕು.
* ದಾರಿಯಲ್ಲಿ ಒಮ್ಮೆಲೇ ಬಾಟಲಿ ಬರಿದು ಮಾಡುವ ಬದಲು 15-20 ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಯಬೇಕು.
* ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದರೆ ಮಣ್ಣಿನ ಹೂಜಿಯಂತೆ ನೀರು ತಂಪಾಗಿ ಉಳಿಯುತ್ತದೆ.
* ಸವಾರಿಯ ನಂತರ ಕಳೆದುಕೊಂಡ ಪ್ರತಿ ಕೆ.ಜಿ.ಗೆ ಸುಮಾರು ಒಂದೂವರೆ ಲೀಟರ್‌ನಂತೆ ನಿಧಾನವಾಗಿ ಕುಡಿಯಬೇಕು. ಜೊತೆಗೆ ಉಪ್ಪಿನಂಶವಿರುವ ಊಟವಿರಲಿ.

ಅಪಾಯದ ಸೂಚನೆಗಳು

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ, ಬಿಸಿಲಿನಲ್ಲೂ ಚಳಿಯಾದಂತೆ ಮೈ ನಡುಗುವುದು ಇವುಗಳಲ್ಲಿ ಯಾವುದೇ ಕಂಡರೂ ತಕ್ಷಣ ಸೈಕಲ್ಲಿನಿಂದ ಇಳಿದು ನೆರಳು ಸೇರಬೇಕು. ಮಾತು ತೊದಲುವುದು, ದಿಕ್ಕು ತಪ್ಪಿದಂತೆ ವರ್ತಿಸುವುದು, ಪ್ರಜ್ಞೆ ಮಸುಕಾಗುವುದು ಬಿಸಿಲಾಘಾತದ ಲಕ್ಷಣಗಳು. ಆಗ ದೇಹದೊಳಗಿನ ಉಷ್ಣಾಂಶ 40 ಡಿಗ್ರಿ ಮೀರಿರುತ್ತದೆ. ಬಿಸಿಲಾಘಾತವಾದವರ ಮೈ ಒಣಗಿರಲೇಬೇಕೆಂಬುದು ತಪ್ಪು ತಿಳಿವಳಿಕೆ. ಶ್ರಮದಿಂದ ಬಿಸಿಲಾಘಾತವಾದವರು ಬೆವರುತ್ತಲೇ ಇರಬಹುದು.

ಅಂಥವರನ್ನು ಕಂಡರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಕೈಕಟ್ಟಿ ನಿಲ್ಲದೆ ಮೈ ತಣಿಸಬೇಕು. ಬಿಗಿ ಉಡುಪು ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ಮಾಂ ವಾಂಟು ಪರ್ವತವನ್ನೇರುತ್ತಾ ಶಿಖರದ ಸಮೀಪವೇ ಕುಸಿದು ಮೃತಪಟ್ಟರು. ಅವರಿಗೆ ಆಗ 29 ವರ್ಷ. ಬಿಸಿಲು ಮತ್ತು ಬಳಲಿಕೆಯ ಜೊತೆಗೆ ಅವರ ದೇಹದಲ್ಲಿ ಉದ್ದೀಪನ ಮದ್ದು, ಮದ್ಯದ ಅಂಶವೂ ಪತ್ತೆಯಾಗಿತ್ತು. ಸ್ಪರ್ಧಿಗಳು ದಾರಿಯಲ್ಲಿ ಪಡೆಯಬಹುದಾದ ನೀರಿಗೂ ಆ ಕಾಲದಲ್ಲಿ ಮಿತಿಯಿತ್ತು. ಒಮ್ಮೆ ಬಿದ್ದ ಅವರು ಮತ್ತೆ ಸೈಕಲ್ಲೇರಿ ಸ್ವಲ್ಪ ದೂರ ಸಾಗಿ ಪುನಃ ಕುಸಿದಿದ್ದರು. ದೇಹ ನಿಲ್ಲೆಂದಾಗಲೂ ಮನಸ್ಸು ಮುಂದೆ ನೂಕಬಲ್ಲದು ಎಂಬುದಕ್ಕೆ ಇದು ದಾರುಣ ನಿದರ್ಶನ.

ನೆರಳು ಕಂಡಲ್ಲಿ ಐದು ನಿಮಿಷ ನಿಲ್ಲುವುದರಿಂದ ಪಯಣ ತುಸು ತಡವಾಗಬಹುದು, ಅಷ್ಟೆ. ದಾರಿಹೋಕರಿಗೆಂದು ಅರವಟ್ಟಿಗೆ ಇಟ್ಟು ನೀರುಣಿಸಿದ ನಾಡಿದು. ಬೇಸಿಗೆಯ ಮಧ್ಯಾಹ್ನ ಮನೆ ಬಾಗಿಲಿಗೆ ಸೈಕಲ್ ತುಳಿದು ಬಂದವರು ಯಾರೇ ಆಗಲಿ, ಅವರಿಗೆ ಒಂದು ಲೋಟ ಮಜ್ಜಿಗೆ ನೀಡುವುದನ್ನು ಮರೆಯದಿರೋಣ. ತಮಗೆಷ್ಟು ಬಾಯಾರಿದೆಯೆಂಬುದು ಅವರಿಗೇ ತಿಳಿದಿರಲಾರದು.