ನೀರಡಿಯ ಕ್ಯಾಮೆರಾ: ನೀಮೋನಿಂದ ನಮ್ಮ ಶಂಕರ್‌ನಾಗ್‌ವರೆಗೆ

(1/6)
ಮೊದಲನೇ ಫೋಟೋ ನೋಡಿ. ಕುಮಟಾ ಹತ್ತಿರದ ಅಘನಾಶಿನಿ ಹೊಳೆ, ಇಳಿತದ ಹೊತ್ತು. ಎದೆಮಟ್ಟದ ನೀರಲ್ಲಿ ನಿಂತವರು ನನ್ನ ಚಿಕ್ಕಪ್ಪ. ಕಾಲಲ್ಲೇ ತಡಕಿ, ಮುಳುಗಿ, ಬೆಳಚು ತೆಗೀತಾರೆ. ನೀರೊಳಗೆ ಅವರಿಗೆ ಎಂತ ಕಾಣ್ತದೆ ಅಂತ ಸಣ್ಣವನಿದ್ದಾಗ ಕೇಳಿದ್ದೆ. “ಕಣ್ಣಿಗೆ ಎಂತದೂ ಕಾಣೂದಿಲ್ಲ, ಕಾಲಿಗೆ ಎಲ್ಲ ಕಾಣ್ತದೆ” ಅಂದಿದ್ದರು. ಇವತ್ತಿನ ಕಥೆ ನೀರೊಳಗೆ ಕಾಣುವುದರ ಬಗ್ಗೆಯೇ. ಪೂರ್ತಿ ಓದಿ, ಕೊನೆಗೆ ನಿಮ್ಮಿಂದ ಒಂದು ಸಹಾಯ ಬೇಕು.

(2/6)
ಮೊನ್ನೆ ಕ್ಲಾಸಲ್ಲಿ ‘ಡ್ಯೂನ್’ ಬಗ್ಗೆ ಮಾತು ಬಂತು. “ಕಾದಂಬರಿ ಹಿಡಿದು ಅಷ್ಟು ದೊಡ್ಡ ಸಾಹಸ ನಮ್ಮಲ್ಲಿ ಯಾರು ಮಾಡಿದಾರೆ?” ಅಂತ ಒಬ್ಬ ಕೇಳಿದ. ಉತ್ತರ ಹುಡುಕ್ತಾ ನಾನು ನೂರು ವರ್ಷಕ್ಕಿಂತ ಹಿಂದಕ್ಕೆ ಹೋದೆ.

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1869-70ರಲ್ಲಿ ಒಂದು ಕಾದಂಬರಿ ಬರೆದ. ಕ್ಯಾಪ್ಟನ್ ನೀಮೋ, ಅವನ ಜಲಾಂತರ್ಗಾಮಿ ನಾಟಿಲಸ್, ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗ್ ಪ್ರಯಾಣ. ಈ ನೀಮೋ ಯಾರು ಗೊತ್ತಾ? ವರ್ನ್ ತನ್ನ ಇನ್ನೊಂದು ಕಾದಂಬರಿಯಲ್ಲಿ ಗುಟ್ಟು ಬಿಡ್ತಾನೆ: ನೀಮೋ ಬುಂದೇಲಖಂಡದ ರಾಜಕುಮಾರ, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು. ಸಿಲೋನ್ ತೀರದಲ್ಲಿ ಒಬ್ಬ ಬಡ ಭಾರತೀಯ ಮುತ್ತು ತೆಗೆಯುವವನ ಮೇಲೆ ಶಾರ್ಕ್ ಎರಗಿದಾಗ, ನೀಮೋ ಚೂರಿ ಹಿಡಿದು ನೀರೊಳಗೇ ಅದರ ಮೇಲೆ ನುಗ್ತಾನೆ. ಆಮೇಲೆ ಆ ಬಡವನ ಕೈಗೆ ಮುತ್ತಿನ ಚೀಲ ಕೊಟ್ಟು ಹೋಗ್ತಾನೆ. ಈ ಮುತ್ತು ನೆನಪಿಟ್ಟುಕೊಳ್ಳಿ.

(3/6)
1916ರಲ್ಲಿ ಅಮೆರಿಕದವರು ಈ ಕಥೆಯನ್ನು ಸಿನಿಮಾ ಮಾಡಿದರು. ಮೂಕಿ ಚಿತ್ರ, ನಿರ್ದೇಶಕ ಸ್ಟುವರ್ಟ್ ಪೇಟನ್. ಸಮುದ್ರದೊಳಗೆ ಶೂಟಿಂಗ್ ಮಾಡುವುದು ಹೇಗೆ? ಆಗ ವಿಲಿಯಮ್ಸನ್ ಸಹೋದರರು ಮುಂದೆ ಬಂದರು. ದೋಣಿಯಿಂದ ನೀರಿನೊಳಕ್ಕೆ ಇಳಿಬಿಟ್ಟ ಕಬ್ಬಿಣದ ಕೊಳವೆ, ಅದರ ತುದಿಗೆ ದಪ್ಪ ಗಾಜಿನ ಕಿಟಕಿಯ ಕೋಣೆ. ಕೊಳವೆ ಅವರ ತಂದೆ ಕಂಡುಹಿಡಿದದ್ದು. ಕ್ಯಾಮೆರಾದವನು ಒಳಗೆ ಒಣಗಿದ ಬಟ್ಟೆಯಲ್ಲೇ ಕೂತು ಕಿಟಕಿಯಿಂದ ಶೂಟ್ ಮಾಡ್ತಿದ್ದ! ಬಹಾಮಾಸ್ ದ್ವೀಪಗಳ ತಿಳಿನೀರಲ್ಲಿ ಬಿಸಿಲು ತಳದವರೆಗೆ ಇಳಿಯುತ್ತದೆ, ಅದಕ್ಕೇ ಅಲ್ಲಿಗೆ ಹೋದರು. ಖರ್ಚು ವಿಪರೀತ ಆಯ್ತು, ಲಾಭದ ಲೆಕ್ಕ ಕೈಕೊಟ್ಟಿತು. ಆದರೆ ಸಮುದ್ರದೊಳಗಿನ ನಿಜವಾದ ದೃಶ್ಯಗಳಿದ್ದ ಮೊದಲ ದೊಡ್ಡ ಕಥಾಚಿತ್ರ ಅಂತ ಚರಿತ್ರೆಯಲ್ಲಿ ಉಳಿಯಿತು.

(4/6)
ಈಗ ನಮ್ಮೂರಿಗೆ ಬನ್ನಿ. 1954ರ ನವೆಂಬರ್ 9ರಂದು ಹೊನ್ನಾವರ ತಾಲ್ಲೂಕಿನಲ್ಲಿ ಶಂಕರ್‌ನಾಗ್ ಹುಟ್ಟಿದರು. ಅಣ್ಣ ಅನಂತ್‌ನಾಗ್ ಬಾಲ್ಯದಲ್ಲಿ ಓದಿದ ಜಾಗಗಳಲ್ಲಿ ಭಟ್ಕಳ ಹತ್ತಿರದ ಶಿರಾಲಿಯ ಚಿತ್ರಾಪುರ ಮಠವೂ ಒಂದು. ‘ಮಿಂಚಿನ ಓಟ’, ‘ಮಾಲ್ಗುಡಿ ಡೇಸ್’ ಎಲ್ಲರಿಗೂ ಗೊತ್ತು. ಆದರೆ 1987ರ ‘ಒಂದು ಮುತ್ತಿನ ಕಥೆ’ ನಮ್ಮ ವಯಸ್ಸಿನವರಲ್ಲಿ ಎಷ್ಟು ಜನ ನೋಡಿದ್ದೀರಿ?

ಅಮೆರಿಕದ ಜಾನ್ ಸ್ಟೈನ್‌ಬೆಕ್ 1947ರಲ್ಲಿ ಪ್ರಕಟಿಸಿದ ಸಣ್ಣ ಕಾದಂಬರಿ ‘ದಿ ಪರ್ಲ್’ ಅದರ ಮೂಲ. ನಾಯಕ ಡಾ. ರಾಜ್‌ಕುಮಾರ್. ಶಂಕರ್ ನಿರ್ದೇಶನದಲ್ಲಿ ಅಣ್ಣಾವ್ರು ಮಾಡಿದ ಒಂದೇ ಸಿನಿಮಾ ಇದು. ನೀರಡಿಯ ದೃಶ್ಯಗಳಿಗೆ ತಂಡ ಮಾಲ್ಡೀವ್ಸ್‌ಗೆ ಹೋಯಿತು. ಗಾಜಿನ ಕೋಣೆ ಇಲ್ಲ ಮಾರಾಯ್ರೆ, ಈ ಸಲ ಕ್ಯಾಮೆರಾವೇ ನೀರಿಗಿಳಿಯಿತು. ಅಣ್ಣಾವ್ರಿಗೆ ಆಗ ಐವತ್ತೇಳರ ಆಸುಪಾಸು, ನಿರ್ದೇಶಕನಿಗೆ ಮೂವತ್ತೆರಡು. ಗ್ರಾಫಿಕ್ಸ್ ಇಲ್ಲದ ಕಾಲ. ಕಥೆ ವೈಜ್ಞಾನಿಕ ಅಲ್ಲ, ಒಪ್ತೇನೆ. ಆದರೆ ಅಂದಿನ ಕನ್ನಡ ಚಿತ್ರರಂಗಕ್ಕೆ ಆ ಕೆಲಸ ನಾಟಿಲಸ್ ಕಟ್ಟಿದಷ್ಟೇ ದೂರದ ಮಾತಾಗಿತ್ತು.

(5/6)
ಸ್ಟೈನ್‌ಬೆಕ್ ಪುಸ್ತಕದ ಕಥೆ ಇಷ್ಟು. ಬಡ ಮುತ್ತುಗಾರನ ಮಗುವಿಗೆ ಚೇಳು ಕಚ್ತದೆ, ದುಡ್ಡಿಲ್ಲ ಅಂತ ಡಾಕ್ಟರು ನೋಡೂದಿಲ್ಲ. ಆಮೇಲೆ ಅವನಿಗೆ ದೊಡ್ಡ ಮುತ್ತೊಂದು ಸಿಗ್ತದೆ. ಮಾರಲು ಹೋದರೆ ಬೇರೆ ಬೇರೆ ಅಂಗಡಿ, ಬೇರೆ ಬೇರೆ ವ್ಯಾಪಾರಿ, ಎಲ್ಲರೂ ಹೇಳೂದು ಕಡಿಮೆ ರೇಟು. ಯಾಕಂದ್ರೆ ಅವರೆಲ್ಲರ ಹಿಂದೆ ಇರುವ ಧಣಿ ಒಬ್ಬನೇ.

ಬಿಕಾಂ ಓದುವವರೇ, ಇದಕ್ಕೆ ನಮ್ಮ ಪುಸ್ತಕದಲ್ಲಿ ಏನಂತಾರೆ? ಮೊನಾಪ್ಸನಿ, ಅಂದ್ರೆ ಕೊಳ್ಳುವವನು ಒಬ್ಬನೇ. ಧಣಿಗಳು ಬೇರೆ ಬೇರೆಯಾಗಿದ್ದು ಒಳಗೊಳಗೇ ರೇಟು ಒಪ್ಪಿಕೊಂಡರೆ ಅದು ಕಾರ್ಟೆಲ್, 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ತಡೆಯುವುದು ಅಂಥ ಒಳ ಒಪ್ಪಂದವನ್ನು. ಪರೀಕ್ಷೆಗೆ ಅದನ್ನ ಉರು ಹೊಡೆದಿದ್ದೆ. ಕಥೆ ಓದಿದ ಮೇಲೆ ಚಿಕ್ಕಪ್ಪನ ಬುಟ್ಟಿ ನೆನಪಾಯ್ತು. ಮುಳುಗುವವರು ಅವರು, ರೇಟು ಹೇಳುವವರು ದಡದಲ್ಲಿ ನಿಂತವರು. “ಬೇರೆಯವರನ್ನ ಕೇಳಬಾರದಾ?” ಅಂದೆ. “ಕೇಳಿದ್ದೆ. ಎಲ್ಲರೂ ಅದೇ ಹೇಳ್ತಾರೆ. ಮಧ್ಯಾಹ್ನದವರೆಗೆ ಕಾದ್ರೆ ಬೆಳಚು ಹಾಳಾಗ್ತದೆ” ಅಂದರು. ಅಲ್ಲಿ ಒಳ ಒಪ್ಪಂದ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ, ಆರೋಪ ಮಾಡ್ತಿಲ್ಲ. ಆದರೆ ಕಾಯಲು ಆಗದವನು ಚೌಕಾಸಿ ಮಾಡಲೂ ಆಗೂದಿಲ್ಲ. ಇದನ್ನ ನನಗೆ ಕಲಿಸಿದ್ದು ಪಠ್ಯ ಅಲ್ಲ, ಈ ಕಥೆ.

(6/6)
‘ಒಂದು ಮುತ್ತಿನ ಕಥೆ’ ಅಣ್ಣಾವ್ರ ಭಾರಿ ಹಿಟ್‌ಗಳ ಸಾಲಿಗೆ ಸೇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರ್ ಹೋದರು. ಇನ್ನೂ 36 ತುಂಬಿರಲಿಲ್ಲ. ಅನಂತ್‌ನಾಗ್ ಮುಂದೆ 2002ರಲ್ಲಿ ಉಪೇಂದ್ರ ಅವರ ರೋಬೋ ಕಥೆ ‘ಹಾಲಿವುಡ್’ನಲ್ಲಿ ನಟಿಸಿದರು. ತಮ್ಮ ಇದ್ದಿದ್ದರೆ ಎಂತ ಮಾಡ್ತಿದ್ದರೋ ಅಂತ ಅನಿಸದೇ ಇರೂದಿಲ್ಲ.

1916ರ ಆ ಮೂಕಿ ಚಿತ್ರವನ್ನು ಅಮೆರಿಕ 2016ರಲ್ಲಿ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿ ಕಾಪಾಡ್ತಿದೆ. ನಮ್ಮದನ್ನ ನಾವು ಕನಿಷ್ಠ ನೆನಪಲ್ಲಾದರೂ ಇಟ್ಕೊಳ್ಳೋಣ. ಸಹಾಯ ಇಷ್ಟೇ: ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ, ಅಪ್ಪ, ಅಜ್ಜಿ ಯಾರನ್ನಾದರೂ ಕೇಳಿ. ಈ ಸಿನಿಮಾ ಎಲ್ಲಿ ನೋಡಿದ್ರಿ, ಯಾರ ಜೊತೆ, ಟಿಕೆಟ್ ಎಷ್ಟಿತ್ತು? ಅವರ ಮಾತಲ್ಲೇ ಕಾಮೆಂಟಲ್ಲಿ ಬರೆಯಿರಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯದ್ದು ಸೇರಿಸಿ ಮುಂದಿನ ಭಾಗ ಮಾಡ್ತೇನೆ.

ಭಾನುವಾರ ಚಿಕ್ಕಪ್ಪನ ಜೊತೆ ಕೂತು ಆ ಸಿನಿಮಾ ನೋಡುವುದು ಅಂತ ಆಗಿದೆ. ನೀರೊಳಗೆ ಏನಿದೆ ಅಂತ ಈ ಸಲ ಅವರ ಕಣ್ಣಿಗೂ ಕಾಣಲಿ.

#ನಮ್ಮಕಡಲಚರಿತ್ರೆ #ಶಂಕರ್‌ನಾಗ್ #ಹೊನ್ನಾವರ #ಕುಮಟಾ #ಭಟ್ಕಳ