ಅಪ್ಪ ಹಾಕಿದ ಕಪ್ಪು ತಂತಿ

ನಮ್ಮ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಮಕ್ಕಳು ಕಲಿಯುತ್ತಿದ್ದುದು ತಂತಿಯ ಬಣ್ಣ. ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್. ಅಪ್ಪ ವೈರಿಂಗ್ ಗುತ್ತಿಗೆದಾರರು. "ಕಪ್ಪು ಸಾಧು, ಆದರೂ ಮುಟ್ಟಬೇಡಿ" ಎನ್ನುತ್ತಿದ್ದರು.

1979ರಲ್ಲಿ ನಮ್ಮೂರಿನ ಒಂದು ಮೂರಂತಸ್ತಿನ ಕಟ್ಟಡಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಪ್ಯಾನೆಲ್‌ವರೆಗೆ ಕೇಬಲ್ ಎಳೆಯುವ ಕೆಲಸ ಅವರಿಗೆ ಸಿಕ್ಕಿತು. ಬುತ್ತಿ ಒಯ್ದಿದ್ದ ನಾನು ಕತ್ತರಿಸಿಟ್ಟ ಕೇಬಲ್ ತುದಿ ನೋಡಿದೆ. ಮೂರು ದಪ್ಪ ಎಳೆ, ಒಂದು ಸಪೂರ. ಅದರ ಹೆಸರೇ ಮೂರೂವರೆ ಕೋರ್. ಫೇಸ್ 70 ಚದರ ಮಿಲಿಮೀಟರ್ ಇದ್ದರೆ ನ್ಯೂಟ್ರಲ್ 35.

"ಅರ್ಧ ಯಾಕಪ್ಪಾ?" ಎಂದು ಕೇಳಿದೆ.

"ನಿಮ್ಮಜ್ಜಿಯರು ಮೂರು ಜನ ಒಂದೇ ಒರಳಿಗೆ ಒನಕೆ ಹಾಕೋದು ನೋಡಿದೀಯಲ್ಲ? ಒಬ್ಬರದು ಮೇಲೆ, ಒಬ್ಬರದು ಕೆಳಗೆ, ಒಬ್ಬರದು ನಡುವೆ. ಮೂರು ಫೇಸೂ ಹಾಗೇ ಸರದಿ. ಮೂರರಲ್ಲೂ ಭಾರ ಸಮ ಇದ್ದರೆ ಒಂದರ ಕರೆಂಟು ಇನ್ನೊಂದರಲ್ಲೇ ವಾಪಸ್ಸು ಹೋಗುತ್ತೆ. ಉಳಿದ ವ್ಯತ್ಯಾಸ ಮಾತ್ರ ಕಪ್ಪಿಗೆ."

ಅದಕ್ಕೇ ಟ್ಯೂಬ್‌ಲೈಟು, ಫ್ಯಾನುಗಳನ್ನು ಮೂರು ಫೇಸ್‌ಗೂ ಎಣಿಸಿ ಹಂಚುತ್ತಿದ್ದರು, ಪಂಕ್ತಿಯಲ್ಲಿ ಹೋಳಿಗೆ ಬಡಿಸಿದಂತೆ.

ಈ ಜಿಪುಣತನದ ಮೂಲ ನಾನು ಊಹಿಸಿದ್ದಕ್ಕಿಂತ ಹಳೆಯದು. 1882ರ ಸೆಪ್ಟೆಂಬರ್‌ನಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯಿಂದ 110 ವೋಲ್ಟಿನ ಕರೆಂಟು ಕೊಟ್ಟಾಗ ಅವರನ್ನು ಕಾಡಿದ್ದು ತಾಮ್ರದ ಖರ್ಚು. ಅದಕ್ಕೆ ಸಿಕ್ಕ ಉಪಾಯ ಮೂರು ತಂತಿ: ಎರಡು ಹೊರತಂತಿಗಳ ನಡುವೆ 220 ವೋಲ್ಟು, ಮಧ್ಯದ ತಂತಿಗೂ ಅವಕ್ಕೂ ನಡುವೆ 110. ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ಕೂಡ ಅದೇ ಕಾಲಕ್ಕೆ ಇದನ್ನೇ ಕಂಡುಕೊಂಡಿದ್ದರು. 1883ರ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲಿ ಈ ಮೂರು ತಂತಿಗಳ ಮೇಲೆ ದೀಪ ಉರಿಯಿತು. ಮೂರೂ ತಂತಿ ಒಂದೇ ದಪ್ಪವಿದ್ದರೂ ಹಳೆಯ ಲೆಕ್ಕದ ನೂರು ಸೇರು ತಾಮ್ರದ ಜಾಗದಲ್ಲಿ ಮೂವತ್ತೇಳೂವರೆ ಸೇರು ಸಾಕು. ಮಧ್ಯದ್ದನ್ನು ಅರ್ಧ ಮಾಡಿದರೆ ಇನ್ನೂ ಕಡಿಮೆ. ಸಂಸಾರ ತೂಗಿಸುವ ಹೆಂಗಸರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೆ?

ಮೂರು ಫೇಸಿನ ಕಾಲ ಬಂದ ಮೇಲೂ ನ್ಯೂಟ್ರಲ್ಲಿಗೆ ಅರ್ಧ ಪಾಲು ಎಂಬ ರೂಢಿ ಉಳಿಯಿತು. ತಪ್ಪೇನೂ ಇರಲಿಲ್ಲ. ದೀಪ, ಫ್ಯಾನು, ಮೋಟಾರುಗಳ ಜಗತ್ತಿಗೆ ಅದು ಸಾಕಾಗಿತ್ತು.

1998ರ ಒಂದು ಸೋಮವಾರ ಅಪ್ಪನಿಗೆ ಕರೆ ಬಂತು. ಆ ಕಟ್ಟಡದಲ್ಲಿ ಆಗ ಎರಡು ಅಂತಸ್ತಿನ ತುಂಬ ಕಂಪ್ಯೂಟರುಗಳು. ಪ್ಯಾನೆಲ್‌ನಲ್ಲಿ ಕಪ್ಪು ತಂತಿ ಕರಟಿ, ಕೊನೆಗೆ ಕಡಿದುಹೋಗಿತ್ತು. ನ್ಯೂಟ್ರಲ್ ಕಡಿದರೆ 230 ವೋಲ್ಟು ನೆಲೆ ತಪ್ಪುತ್ತದೆ. ಕಡಿಮೆ ಭಾರವಿರುವ ಫೇಸಿನಲ್ಲಿ 400ರತ್ತ ಏರುತ್ತದೆ. ಕಂಪ್ಯೂಟರುಗಳು ಸಾಲಾಗಿ ಸುಟ್ಟವು. ಸಣ್ಣ ತಂತಿ ಹಾಕಿ ದುಡ್ಡು ಉಳಿಸಿಕೊಂಡಿದ್ದೀರಿ ಎಂದು ಅಲ್ಲಿಯವರು ಹತ್ತು ಜನರ ಎದುರು ಅಂದರು. ಬೇರೆ ಕೆಲಸದ ಬಾಕಿ ಹಣವನ್ನೂ ತಡೆಹಿಡಿದರು.

ಅಪ್ಪ ವಾದ ಮಾಡಲಿಲ್ಲ. ಸುಟ್ಟ ತುಂಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದರು. "ಮೂರು ಫೇಸೂ ಬೆಚ್ಚಗೂ ಆಗಿಲ್ಲ, ಇದು ಹೇಗೆ ಸುಟ್ಟಿತು?" ಎಂದು ರಾತ್ರಿ ಅಮ್ಮನ ಹತ್ತಿರ ಎರಡು ಸಲ ಕೇಳಿದರಂತೆ. ಆಮೇಲೆ ದೊಡ್ಡ ಪ್ಯಾನೆಲ್ ಕೆಲಸ ಒಪ್ಪಿಕೊಳ್ಳಲೇ ಇಲ್ಲ. 2003ರಲ್ಲಿ ತೀರಿಕೊಂಡರು.

ಉತ್ತರ ಸಿಕ್ಕಿದ್ದು ನನ್ನ ಮಗ ಎಲೆಕ್ಟ್ರಿಕಲ್ ಓದುವಾಗ, ಅವನ ಪುಸ್ತಕದಲ್ಲಿ. ಬಲ್ಬು ಕರೆಂಟನ್ನು ನಿಧಾನವಾಗಿ, ಅಲೆಯ ಉದ್ದಕ್ಕೂ ಕುಡಿಯುತ್ತದೆ. ಕಂಪ್ಯೂಟರು ಹಾಗಲ್ಲ; ಅಲೆ ತುದಿಗೇರಿದಾಗ ಗಬಕ್ಕನೆ ಒಂದು ಗುಟುಕು. ಆ ಅವಸರದಿಂದ ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟಿನೊಳಗೆ 150 ಸಲ ಏರಿಳಿಯುವ ಇನ್ನೊಂದು ಹುಟ್ಟುತ್ತದೆ. ಅದಕ್ಕೆ ಮೂರನೆಯ ಹಾರ್ಮೋನಿಕ್ ಎನ್ನುತ್ತಾರೆ. ಇದಕ್ಕೆ ಸರದಿಯೇ ಗೊತ್ತಿಲ್ಲ. ಮೂರು ಒನಕೆಯೂ ಒಟ್ಟಿಗೇ ಒರಳಿಗೆ ಬೀಳುತ್ತವೆ. ಫೇಸೊಂದರಲ್ಲಿ 100 ಆಂಪಿಯರ್ ಹರಿದು, ಅದರ ಜೊತೆ ಇಂಥದ್ದು 40 ಇದ್ದರೆ, ಭಾರ ಎಷ್ಟೇ ಸಮನಾಗಿ ಹಂಚಿದ್ದರೂ ನ್ಯೂಟ್ರಲ್ಲಿನಲ್ಲಿ 120. ಲೆಕ್ಕದ ಪ್ರಕಾರ ಫೇಸಿನ ಕರೆಂಟಿನ 1.73 ಪಟ್ಟಿನವರೆಗೂ ಹೋಗಬಹುದು. ಟ್ರಾನ್ಸ್‌ಫಾರ್ಮರೂ ಇದರಿಂದ ಕಾಯುತ್ತದೆ. ನ್ಯೂಟ್ರಲ್ಲಿಗೆ ಪ್ರತ್ಯೇಕ ಫ್ಯೂಸ್ ಹಾಕುವಂತಿಲ್ಲವಾದ್ದರಿಂದ ತಡೆಯುವವರೂ ಇರುವುದಿಲ್ಲ.

ಅಮೆರಿಕದ ಕಂಪ್ಯೂಟರ್ ಕೇಂದ್ರಗಳ ನ್ಯೂಟ್ರಲ್ ಕರೆಂಟನ್ನು ಅಳೆದ ಸಮೀಕ್ಷೆಯೊಂದನ್ನು ಥಾಮಸ್ ಗ್ರಜ್ ಎಂಬ ಎಂಜಿನಿಯರ್ 1990ರಲ್ಲೇ ಪ್ರಕಟಿಸಿದ್ದರು. ಎಂಟು ವರ್ಷ ಕಳೆದರೂ ಅದು ನಮ್ಮೂರಿನ ಗುತ್ತಿಗೆದಾರರ ಕಿವಿಗೆ ಬಿದ್ದಿರಲಿಲ್ಲ. ಕಂಪ್ಯೂಟರ್ ತರಿಸಿದವರಿಗೂ ತಿಳಿದಿರಲಿಲ್ಲ. ಈಗಿನ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ: ಮೂರನೆಯ ಹಾರ್ಮೋನಿಕ್ ಶೇಕಡಾ 33 ಮೀರಿದರೆ ಕೇಬಲ್ ಗಾತ್ರವನ್ನು ನ್ಯೂಟ್ರಲ್ ಕರೆಂಟ್ ನೋಡಿಯೇ ಆರಿಸಬೇಕು. ಕೆಲವು ಕಡೆ ನ್ಯೂಟ್ರಲ್ಲನ್ನು ಫೇಸಿನ ಎರಡರಷ್ಟು ಹಾಕುವುದೂ ಉಂಟು.

ಮಗ ಇದನ್ನು ವಿವರಿಸುತ್ತಿದ್ದಾಗ ಅಮ್ಮ ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡರು. "ಹಾಗಾದ್ರೆ 79ರಲ್ಲಿ ಇವರು ಹಾಕಿದ್ದು ಸರೀನೇ?" ಎಂದರು.

"ಸರೀನೇ ಅಜ್ಜಿ, ಆಗಿನ ಭಾರಕ್ಕೆ."

ಅಮ್ಮ ಏನೂ ಅನ್ನಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಮಳೆ ಹನಿಯುವಂತಿತ್ತು. ಅಲ್ಲಿ, ಅಪ್ಪ ಆ ಕಟ್ಟಡದಲ್ಲಿ ಉಳಿದಿದ್ದ ಕಪ್ಪು ತಂತಿಯಲ್ಲಿ ಕಟ್ಟಿಕೊಟ್ಟ ಹಗ್ಗದ ಮೇಲೆ, ನಮ್ಮೆಲ್ಲರ ಬಟ್ಟೆ ಒಣಗುತ್ತಿತ್ತು.